ನೀರು ಬಿಡುವ ಕೆಲಸ ಹೆಣ್ಣಿಗೇಕೆ ಬೇಡ?

"ಇವತ್ತು ನೀರು ಬಿಡ್ತಾರೇನ್ರೀ?" ಬೇಸಿಗೆ ಬಂತೆಂದರೆ ಬಾಳ್ಳುಪೇಟೆಯ ಸುತ್ತಮುತ್ತ ಹೆಂಗಸರ ಬೆಳಗಿನ ಮೊದಲ ಮಾತು ಇದು. ಆಷಾಢದಲ್ಲಿ ಹೆಂಚಿನ ಸಂದಿಯಲ್ಲೂ ಇಳಿಯುವ ಮಳೆ. ಯುಗಾದಿ ಕಳೆಯಿತೋ, ಬಾವಿಯಲ್ಲಿ ತಳ ಕಾಣುತ್ತದೆ. ತೋಟದ ಕೆಲಸಕ್ಕೆ ಹೊರಡುವ ಮುನ್ನ ಕೊಡ, ಕೊಳದಪ್ಪಲೆ ತುಂಬಿಸಿಡಬೇಕಾದವಳು ಮನೆಯ ಹೆಣ್ಣೇ. ನೀರಿನ ಕಷ್ಟಸುಖ ಅವಳಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತು? ಆದರೆ ವಾಲ್ವ್ ತಿರುಗಿಸುವ ನೀರುಗಂಟಿ ಮಾತ್ರ ಹೆಚ್ಚಿನ ಊರುಗಳಲ್ಲಿ ಗಂಡಸೇ!

ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದವನಿಗೆ ಇದ್ದ ಹೆಸರು ಈಗ ನಲ್ಲಿ ನೀರು ಬಿಡುವವನಿಗೆ ಬಂದಿದೆ. ಜೊತೆಗೆ 'ಇದು ಗಂಡಸರ ಕೆಲಸ' ಎಂಬ ರೂಢಿಯೂ ಬಂದಿದೆ. ರೂಢಿಯ ಮಾತು ಹಾಗಿರಲಿ, ನೇಮಕದ ನಿಯಮ ಏನನ್ನುತ್ತದೆ? ಅದನ್ನು ತಿಳಿದರೆ ನಮಗೇ ಲಾಭ.

ಹಳ್ಳಿಯಲ್ಲಿ ನೀರುಗಂಟಿಯನ್ನು ನೇಮಿಸಿಕೊಳ್ಳುವುದು ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದಕ್ಕೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಒಪ್ಪಿಗೆ ಬೇಕು. ಪಟ್ಟಣಗಳ ನೀರಿನ ಯೋಜನೆಗಳಿಗಾಗಿ 1973ರ ಕಾಯ್ದೆಯಡಿ ಸ್ಥಾಪನೆಯಾದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಇದೆ. ಬೆಂಗಳೂರಿಗೆ 1964ರಿಂದಲೇ ಬೇರೆ ಜಲಮಂಡಳಿ. ಇಂಥ ಮಂಡಳಿಗಳಿಗೆ ತಮ್ಮದೇ ವೃಂದ ಮತ್ತು ನೇಮಕಾತಿ ನಿಯಮಗಳಿವೆ. ಯಾವ ಹುದ್ದೆಗೆ ಎಷ್ಟು ಓದಿರಬೇಕು, ಎಷ್ಟು ವಯಸ್ಸು ಎಂಬುದೆಲ್ಲ ಅದರಲ್ಲೇ ಬರೆದಿರುತ್ತದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಂತೂ ಮಹಿಳೆಯರಿಗೆ ಶೇಕಡಾ 33ರಷ್ಟು ಮೀಸಲಾತಿ ಇದೆ. 'ಹುಡುಗೀರಿಗೆ ಯಾರು ಕೊಡ್ತಾರೆ' ಎಂದು ಅರ್ಜಿಯನ್ನೇ ಹಾಕದೆ ಕೂತರೆ ನಷ್ಟ ಯಾರಿಗೆ?

ನಿಯಮವೆಂದರೆ ಕಲ್ಲಿನ ಮೇಲಿನ ಶಾಸನವೇನಲ್ಲ. ನಮ್ಮ ಪಕ್ಕದ ಕೊಡಗಿನ ಸಿ.ಬಿ. ಮುತ್ತಮ್ಮನವರನ್ನೇ ನೋಡಿ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯಲ್ಲಿ ಹೆಣ್ಣು ಮದುವೆಯಾಗಬೇಕಾದರೆ ಸರ್ಕಾರದ ಅಪ್ಪಣೆ ಪಡೆಯಬೇಕಿತ್ತು. ಮದುವೆಯಾದವಳಿಗೆ ನೇಮಕದ ಹಕ್ಕೇ ಇರಲಿಲ್ಲ! ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1979ರಲ್ಲಿ ನ್ಯಾಯಾಲಯ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು.

ಇನ್ನೂ ನಮ್ಮ ಮನೆಬಾಗಿಲಿಗೆ ಬರೋಣ. ನೌಕರಿಯಲ್ಲಿದ್ದ ಅಪ್ಪ ತೀರಿಕೊಂಡರೆ ಮನೆಯ ಒಬ್ಬರಿಗೆ ಅನುಕಂಪದ ನೌಕರಿ ಕೊಡಲು ರಾಜ್ಯದಲ್ಲಿ 1996ರ ನಿಯಮಗಳಿವೆ. ಮಗನಿಗೆ ಮದುವೆಯಾಗಿದ್ದರೂ ಅಡ್ಡಿ ಇರಲಿಲ್ಲ. ಮಗಳು ಮಾತ್ರ ಅವಿವಾಹಿತೆ ಆಗಿರಬೇಕಿತ್ತು. ತಾಳಿ ಕಟ್ಟಿದ ದಿನವೇ ಅಪ್ಪನ ಮಗಳಲ್ಲದೆ ಹೋದಳೇ? 2020ರ ಡಿಸೆಂಬರಿನಲ್ಲಿ ರಾಜ್ಯ ಹೈಕೋರ್ಟ್ ಈ ಭೇದ ಸಂವಿಧಾನಕ್ಕೆ ವಿರುದ್ಧ ಎಂದಿತು. 2021ರಲ್ಲಿ ಸರ್ಕಾರ ನಿಯಮ ತಿದ್ದಿತು. ಅವಲಂಬಿತಳಾಗಿದ್ದರೆ ಮದುವೆಯಾದ ಮಗಳೂ ಈಗ ಅರ್ಹಳು. ಅರ್ಜಿಯನ್ನು ಸಾವು ಸಂಭವಿಸಿದ ಒಂದು ವರ್ಷದೊಳಗೆ ಕೊಡಬೇಕು. ದುಃಖದಲ್ಲಿ ಈ ಗಡುವು ದಾಟಿಸಿಕೊಂಡು ಆಮೇಲೆ ಪರಿತಪಿಸುವುದು ಬೇಡ. ಸತ್ತವರು ಮಂಡಳಿಯ ನೌಕರರಾಗಿದ್ದರೆ, ಅಲ್ಲಿನ ನಿಯಮವನ್ನು ಕಚೇರಿಯಲ್ಲೇ ಕೇಳಿ ತಿಳಿಯಿರಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. 'ಈಗ ದಿನಗೂಲಿಗೆ ಸೇರ್ಕೊಳ್ಳಮ್ಮಾ, ಮುಂದೆ ಖಾಯಂ ಮಾಡಿಸ್ತೀವಿ' ಎನ್ನುವವರನ್ನು ನಂಬಿ ಕೈಯ ಬಳೆ ಅಡವಿಡಬೇಡಿ. ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಸ್ಪಷ್ಟವಾಗಿ ಹೇಳಿತು: ಜಾಹೀರಾತು, ಸ್ಪರ್ಧೆ ಇಲ್ಲದೆ ಹಿಂಬಾಗಿಲಿಂದ ಸೇರಿದವರಿಗೆ ಖಾಯಂ ಆಗುವ ಹಕ್ಕಿಲ್ಲ. ವರ್ಷಗಟ್ಟಲೆ ದುಡಿದವರಿಗೆ ಇದು ಕಹಿಯೇ. ಆದರೆ ಜಾಹೀರಾತು ಹೊರಬಿದ್ದರೆ ತಾನೆ, ವಶೀಲಿ ಇಲ್ಲದ ಬಡವರ ಮಗಳಿಗೂ ಆ ಕೆಲಸದ ಸುದ್ದಿ ತಿಳಿಯುವುದು?

ಹಾಗಾದರೆ ನಾವೇನು ಮಾಡಬಹುದು? ಗ್ರಾಮಸಭೆಗೆ ತಪ್ಪದೆ ಹೋಗಿ. ನೀರುಗಂಟಿಯ ಹುದ್ದೆ ಖಾಲಿ ಇದೆಯೇ, ಅದನ್ನು ಪ್ರಕಟಿಸಿದ್ದಾರೆಯೇ ಎಂದು ಎದ್ದು ನಿಂತು ಕೇಳಿ. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆದು, ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ನೀರು ಪರೀಕ್ಷಿಸುವ ತರಬೇತಿಗೆ ಪ್ರತಿ ಹಳ್ಳಿಯಿಂದ ಐವರು ಮಹಿಳೆಯರನ್ನು ಆರಿಸಬೇಕೆಂದಿದೆ. ನೀರಿನ ಗುಣ ನೋಡಲು ಹೆಣ್ಣು ಬೇಕು. ಸಂಬಳದ ಕೆಲಸಕ್ಕೆ ಮಾತ್ರ ಬೇಡವೇ? ಪಂಚಾಯಿತಿಯ ಸ್ಥಾನಗಳಲ್ಲಿ ಅರ್ಧದಷ್ಟು ನಮಗೇ ಮೀಸಲು. ಅಲ್ಲಿ ಕೂತ ಅಕ್ಕತಂಗಿಯರು ಈ ಪ್ರಶ್ನೆಯನ್ನು ಎತ್ತಿದರೆ ಬೇಡವೆನ್ನುವ ಧೈರ್ಯ ಯಾರಿಗಿದೆ ಹೇಳಿ?