ಬೇಲಿಯೇ ಎದ್ದು ಹೊಲ ಮೇಯ್ದಾಗ

ಅರೇಬಿಕಾ ಕಾಫಿಯ ವಾಯಿದೆ ವ್ಯಾಪಾರ ನ್ಯೂಯಾರ್ಕಿನಲ್ಲಿ, ರೋಬಸ್ಟಾದ್ದು ಲಂಡನ್ನಿನಲ್ಲಿ ನಡೆಯುತ್ತದೆ. ಒಂದು ಚೀಲ ಕಾಫಿಯನ್ನೂ ಕಣ್ಣಾರೆ ಕಾಣದ ‘ಹೆಜ್ ಫಂಡ್’ ಸಂಸ್ಥೆಗಳೂ ಅಲ್ಲಿ ಕೊಳ್ಳುತ್ತವೆ, ಮಾರುತ್ತವೆ. 1996ರಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ ಕೊನೆಗೊಂಡ ಮೇಲೆ ಆ ಪೇಟೆಗಳ ಏರಿಳಿತ ನಮ್ಮ ಕಣದವರೆಗೂ ಬರುತ್ತಿದೆ. ಆದುದರಿಂದ ಬೆಳೆಗಾರರು ಇವುಗಳ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು.

ಹೆಜ್ ಎಂದರೆ ಬೇಲಿ. 1949ರಲ್ಲಿ ಅಮೆರಿಕದ ಆಲ್ಫ್ರೆಡ್ ವಿನ್ಸ್ಲೋ ಜೋನ್ಸ್ ಎಂಬವರು ಒಂದು ಲಕ್ಷ ಡಾಲರಿನಿಂದ ಇಂಥ ಮೊದಲ ನಿಧಿಯನ್ನು ಆರಂಭಿಸಿದರು. ಅದರಲ್ಲಿ 40,000 ಡಾಲರು ಅವರದೇ ಹಣ. ಏರೀತೆಂದು ತೋರಿದ ಷೇರುಗಳನ್ನು ಕೊಳ್ಳುವುದು. ಇಳಿದೀತೆಂದು ತೋರಿದವನ್ನು ಎರವಲು ತಂದು ಮಾರಿ, ಅಗ್ಗವಾದಾಗ ಕೊಂಡು ಹಿಂದಿರುಗಿಸುವುದು. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ತುಂಬಬೇಕೆಂಬುದು ಉಪಾಯ. ಮಾಗಡಿ, ಚನ್ನಪಟ್ಟಣ, ಕನಕಪುರದ ಕಡೆಯ ರೈತ ತೋಟದ ಜೊತೆಗೆ ಹಿಪ್ಪುನೇರಳೆಯನ್ನೂ ಬೆಳೆದು, ಅಡಿಕೆ ಕೈಕೊಟ್ಟ ವರ್ಷ ರಾಮನಗರದ ಗೂಡಿನ ಮಾರುಕಟ್ಟೆಯಾದರೂ ಕೈಹಿಡಿಯಲಿ ಎಂದುಕೊಳ್ಳುವ ಲೆಕ್ಕವೂ ಇದಕ್ಕೆ ಹತ್ತಿರವೇ.

1994ರಲ್ಲಿ ಜಾನ್ ಮೆರಿವೆದರ್ ಎಂಬವರ ‘ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್’ ವ್ಯವಹಾರಕ್ಕಿಳಿಯಿತು. ಪಾಲುದಾರರಾದ ರಾಬರ್ಟ್ ಮರ್ಟನ್, ಮೈರನ್ ಶೋಲ್ಸ್ ಇಬ್ಬರಿಗೂ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಒಂದೇ ಬಗೆಯ ಎರಡು ಸಾಲಪತ್ರಗಳಲ್ಲಿ ಅಗ್ಗದ್ದನ್ನು ಕೊಂಡು ತುಟ್ಟಿಯದನ್ನು ಮಾರುವುದು ಇವರ ಕ್ರಮ. ಸಿಗುವ ಅಂತರ ಚಿಕ್ಕದು. ಆದುದರಿಂದ ಮಾಡಿದ ಸಾಲ ದೊಡ್ಡದು. 1995, 1996ರಲ್ಲಿ ಲಾಭ ಶೇಕಡ 40ನ್ನು ಮೀರಿತು. 1998ರ ಆರಂಭಕ್ಕೆ ಸ್ವಂತ ಬಂಡವಾಳ ಸುಮಾರು 470 ಕೋಟಿ ಡಾಲರ್, ಸಾಲ 12,000 ಕೋಟಿಗೂ ಹೆಚ್ಚು!

ಅದೇ ಆಗಸ್ಟಿನಲ್ಲಿ ರಷ್ಯಾ ತನ್ನ ಸಾಲದ ಪಾವತಿಯನ್ನು ನಿಲ್ಲಿಸಿತು. ಹೆದರಿದ ಪೇಟೆಯಲ್ಲಿ ಅಗ್ಗದ್ದು ಇನ್ನೂ ಅಗ್ಗವಾಯಿತು, ತುಟ್ಟಿಯದು ಇನ್ನೂ ತುಟ್ಟಿಯಾಯಿತು. ಕೆಲವೇ ತಿಂಗಳಲ್ಲಿ ಬಂಡವಾಳದ ಬಹುಪಾಲು ಕರಗಿತು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ಸಾಲಿಗರನ್ನು ಒಟ್ಟುಗೂಡಿಸಿತು. 14 ಸಂಸ್ಥೆಗಳು ಸುಮಾರು 360 ಕೋಟಿ ಡಾಲರ್ ಹಾಕಿ ಕೈಗೆ ತೆಗೆದುಕೊಂಡವು. 2000ದಲ್ಲಿ ನಿಧಿ ಮುಚ್ಚಿತು.

ನಮ್ಮ ದೇಶದಲ್ಲಿ 2012ರ ಸೆಬಿ ನಿಯಮಗಳಂತೆ ಇಂಥ ನಿಧಿಗೆ ಸೇರಲು ಸಾಮಾನ್ಯವಾಗಿ ಕನಿಷ್ಠ ಒಂದು ಕೋಟಿ ರೂಪಾಯಿ ಬೇಕು. ಸಣ್ಣ ಬೆಳೆಗಾರನ ಮಾತು ಅದಲ್ಲ. ಆದರೆ ಬೆಲೆಯ ಭಯ ಎಲ್ಲರಿಗೂ ಒಂದೇ. ಬೆಳೆಯ ಒಂದು ಭಾಗಕ್ಕೆ ಮುಂಗಡವಾಗಿ ದರ ಗೊತ್ತುಮಾಡಿಕೊಂಡರೆ ಅದು ಬೇಲಿ. ಬೆಲೆ ಇನ್ನೂ ಏರೀತೆಂದು ಬಡ್ಡಿಗೆ ಹಣ ತಂದು ದಾಸ್ತಾನು ಹಿಡಿದರೆ ಅದು ಜೂಜು. ಬೇಲಿ ನಮ್ಮ ತೋಟದ ಅಳತೆಯನ್ನು ಮೀರಬಾರದು.