ತೊಗರಿ ಸೀಮೆಯ ಮೇಲೆ ತರಬೇತಿ ವಿಮಾನ

2022ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಯ ಪೇಠಸಿರೂರು ಬಳಿ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ಇನ್ನೊಂದು ವಿಮಾನ ಹೊನ್ನಿಹಾಳದ ಹೊಲಕ್ಕಿಳಿದಾಗ ಇಬ್ಬರಿಗೆ ಸಣ್ಣಪುಟ್ಟ ಗಾಯಗಳಾದವು. ಜೀವಹಾನಿಯಾಗದ ಇಂಥ ಅವಘಡಗಳನ್ನು ನಾವು ಅದೃಷ್ಟದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ.

ರನ್‌ವೇ ಬಂತು, ಶಾಲೆಗಳೂ ಬಂದವು

ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ರನ್‌ವೇ ಉದ್ದ 3 ಕಿ.ಮೀ.ಗೂ ಹೆಚ್ಚು, ಪ್ರಯಾಣಿಕ ವಿಮಾನಗಳು ಮಾತ್ರ ಬೆರಳೆಣಿಕೆಯಷ್ಟು. ಹಾರಾಟ ಕಲಿಯುವವರಿಗೆ ಇಂಥ ಬಿಡುವಿನ ಆಕಾಶವೇ ಬೇಕು. 2021ರಲ್ಲಿ ದೇಶದ ಐದು ನಿಲ್ದಾಣಗಳಲ್ಲಿ ಹೊಸ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಾಗ ಆ ಪಟ್ಟಿಯಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಕಡ್ಡಾಯ. ವಿಮಾನ ದಿನವೂ ಹಾರಿದರಷ್ಟೇ ಶಾಲೆಗೆ ಗಿಟ್ಟುತ್ತದೆ, ಆದರೆ ಇಂತಿಷ್ಟು ಗಂಟೆ ಹಾರಿದ ಮೇಲೆ ಅದನ್ನು ನಿಲ್ಲಿಸಿ ಬಿಚ್ಚಿ ನೋಡಲೇಬೇಕು. ಈ ಎಳೆದಾಟ ಯಾವ ಶಾಲೆಯನ್ನೂ ಬಿಟ್ಟಿಲ್ಲ.

ಎಂಜಿನ್ ನಿಂತ ಮೇಲೆ

ತರಬೇತಿ ಶಾಲೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸೆಸ್ನಾ 172ಕ್ಕೆ ಇರುವುದು ಒಂದೇ ಎಂಜಿನ್. ಸಾವಿರ ಅಡಿ ಎತ್ತರದಲ್ಲಿ ಅದು ಕೈಕೊಟ್ಟರೆ ವಿಮಾನ ತೇಲಿಕೊಂಡು ಹೋಗಬಲ್ಲದ್ದು ಸುಮಾರು ಎರಡೂವರೆ ಕಿ.ಮೀ. ಮಾತ್ರ. ಅಷ್ಟರೊಳಗೆ ಸಮತಟ್ಟಾದ ಜಾಗ ಸಿಗಬೇಕು. ವಾಡಿ, ಶಹಾಬಾದ್, ಸೇಡಂ ಸುತ್ತ ಕಣ್ಣು ಹಾಯಿಸಿ: ಸುಣ್ಣಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು, ಹೈಟೆನ್ಷನ್ ತಂತಿಗಳು, ರೈಲು ಹಳಿಗಳು. ಉಳಿದದ್ದು ಎರೆಹೊಲ. ಮಳೆ ಬಿದ್ದ ಎರೆಯಲ್ಲಿ ಮುಂದಿನ ಗಾಲಿ ಹೂತು ವಿಮಾನ ಮೂಗು ಮುಂದಾಗಿ ಮಗುಚಬಹುದು. ಬೇಸಿಗೆಯಲ್ಲಿ ಅದೇ ನೆಲ ಬಿರುಕುಬಿಟ್ಟು ಕಲ್ಲಾಗಿರುತ್ತದೆ. ಎದೆಮಟ್ಟ ಬೆಳೆದ ತೊಗರಿಯ ಕೆಳಗೆ ಬದು ಇದೆಯೋ, ಹಳ್ಳವಿದೆಯೋ ಮೇಲಿನಿಂದ ತಿಳಿಯದು.

ಎರಡು ವಾದ

ಹೊಲದಲ್ಲಿ ಸುರಕ್ಷಿತವಾಗಿ ಇಳಿಸುವುದೇ ತರಬೇತಿಯ ಒಂದು ಪಾಠ, ಹಾಗಾಗಿ ಅದನ್ನು ವೈಫಲ್ಯ ಎನ್ನಲಾಗದು ಎಂಬುದು ವೈಮಾನಿಕ ವಲಯದ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ 2023ರ ಅಕ್ಟೋಬರ್ 19 ಮತ್ತು 22ರಂದು ಮಹಾರಾಷ್ಟ್ರದ ಬಾರಾಮತಿಯಲ್ಲಿ ಎರಡು ತರಬೇತಿ ವಿಮಾನಗಳು ಬಿದ್ದವು. ಅವೆರಡೂ, ಬೆಳಗಾವಿಯಲ್ಲಿ ಹೊಲಕ್ಕಿಳಿದ ವಿಮಾನವೂ ಒಂದೇ ಸಂಸ್ಥೆಯವು. ನಿಯಂತ್ರಣ ಸಂಸ್ಥೆ ಆ ಶಾಲೆಯ ತರಬೇತಿಯನ್ನೇ ಅಮಾನತಿನಲ್ಲಿಟ್ಟಿತು. ಪೈಲಟ್ ಜಾಣತನದಿಂದ ಇಳಿಸಿದ ಎಂಬ ಮೆಚ್ಚುಗೆ ಸರಿಯೇ. ಅವನು ಇಳಿಸಬೇಕಾಗಿ ಬಂದದ್ದೇಕೆ ಎಂಬುದಕ್ಕೆ ಅದು ಉತ್ತರವಲ್ಲ.

ತನಿಖೆಯ ಉದ್ದೇಶ ಮರುಕಳಿಕೆ ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತದೆ. ಒಳ್ಳೆಯದೇ. ಹಾಗಿದ್ದರೆ ತನಿಖೆ ಕಂಡುಕೊಂಡದ್ದು ಹೊಲದ ಒಡೆಯನಿಗೂ ಅವನ ಭಾಷೆಯಲ್ಲಿ ತಲುಪಬೇಡವೇ? ಶಾಲೆಗಳನ್ನು ಮುಚ್ಚಿ ಎನ್ನುವುದು ದುಡುಕಿನ ಮಾತು. ಮೊದಲು ಬೇಕಾದದ್ದು ಮುನ್ಸೂಚನೆಯಿಲ್ಲದ ನಿರ್ವಹಣಾ ತಪಾಸಣೆ. ಅದರ ಜತೆಗೆ ಹಳ್ಳಿಗಳ ಸಿದ್ಧತೆಯೂ ಆಗಬೇಕು. ಇಂಥ ವಿಮಾನದ ಇಂಧನ ಇರುವುದು ರೆಕ್ಕೆಯಲ್ಲಿ, ಅದು ಪೆಟ್ರೋಲ್ ಜಾತಿಯದು. ಮೊಬೈಲ್ ಹಿಡಿದು ಮುಗಿಬೀಳುವ ಗುಂಪಿನಲ್ಲಿ ಬೆಂಕಿ ಹೊತ್ತಲು ಒಂದು ಬೀಡಿ ಸಾಕು. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಬರುವವರೆಗೆ ಸೇಡಂ ಸೀಮೆಯ ಮುಧೋಳದಂಥ ದೂರದ ಹೋಬಳಿಯಲ್ಲಿ ಜನರನ್ನು ದೂರ ನಿಲ್ಲಿಸುವವರು ಯಾರು, ತುಳಿದುಹೋದ ತೊಗರಿಗೆ ಪಂಚನಾಮೆ ಬರೆಯುವವರು ಯಾರು ಎಂಬುದನ್ನು ಜಿಲ್ಲಾಡಳಿತ ಈಗಲೇ ಗೊತ್ತುಮಾಡಬೇಕು.