ಬೂದಿಯ ಕಣವು ಗೋಲವಲ್ಲ

2010ನೆಯ ಇಸವಿಯ ಏಪ್ರಿಲ್ 14ರಂದು ಐಸ್‌ಲೆಂಡಿನ ಎಯ್ಯಾಫ್ಯಾಟ್ಲಾಯೋಕುಲ್ ಎಂಬ ಜ್ವಾಲಾಮುಖಿಯು (ಈ ಹೆಸರನ್ನು ಉಚ್ಚರಿಸುವುದೇ ಒಂದು ಸಾಹಸ!) ತನ್ನ ಹಿಮದ ಹೊದಿಕೆಯನ್ನು ಭೇದಿಸಿ, ಸುಮಾರು 9 ಕಿಲೋಮೀಟರ್ ಎತ್ತರಕ್ಕೆ ಬೂದಿಯನ್ನು ಚಿಮ್ಮಿಸಿತು. ಇಂತಹ ಬೂದಿಯು ವಿಮಾನದ ಎಂಜಿನ್ನಿನೊಳಗೆ ಕರಗಿ ಗಾಜಿನಂತೆ ಅಂಟಿಕೊಳ್ಳುತ್ತದೆ. 1982ರಲ್ಲಿ ಜಾವಾದ ಬಳಿ ಒಂದು ವಿಮಾನದ ನಾಲ್ಕು ಎಂಜಿನ್ನುಗಳೂ ಹೀಗೆ ನಿಂತುಹೋಗಿದ್ದವು. ಆದಕಾರಣ ಯೂರೋಪಿನ ಬಹುಭಾಗದಲ್ಲಿ ಹಲವು ದಿನ ವಿಮಾನಸಂಚಾರವು ಸ್ಥಗಿತವಾಯಿತು. ಬೂದಿಯು ಎಲ್ಲಿಯವರೆಗೆ ಹೋದೀತೆಂಬುದನ್ನು ಗಣಕಯಂತ್ರವು ಲೆಕ್ಕಹಾಕಿ ಹೇಳಬೇಕಾಗಿತ್ತು.

ಈ ಲೆಕ್ಕದ ಬುಡದಲ್ಲಿರುವುದು 1851ರ ಸ್ಟೋಕ್ಸ್ ನಿಯಮ. ಸ್ನಿಗ್ಧ ಮಾಧ್ಯಮದಲ್ಲಿ ಬೀಳುವ ಪುಟ್ಟ ಗೋಲದ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. 0.03 ಮಿಲಿಮೀಟರ್ ವ್ಯಾಸದ, ನೀರಿನ 2.3ರಷ್ಟು ಸಾಂದ್ರತೆಯ ಗೋಲವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 6 ಸೆಂಟಿಮೀಟರ್ ಇಳಿಯುತ್ತದೆ. 9 ಕಿಲೋಮೀಟರ್ ಇಳಿಯಲು ಅದಕ್ಕೆ ಸುಮಾರು 40 ಗಂಟೆ ಬೇಕು. ಗಾಳಿಯು ಗಂಟೆಗೆ 50 ಕಿಲೋಮೀಟರ್ ವೇಗದಿಂದ ಬೀಸುತ್ತಿದ್ದರೆ ಅಷ್ಟರೊಳಗೆ ಅದು 2000 ಕಿಲೋಮೀಟರ್ ಸಾಗಿರುತ್ತದೆ.

ಆದರೆ ಬೂದಿಯು ಗೋಲವೆಲ್ಲಿ? ಅದು ಒಡೆದ ಗಾಜಿನ ಗುಳ್ಳೆಗಳ ಚೂರು. ಅಷ್ಟೇ ತೂಕದ ಚಪ್ಪಟೆ ಚೂರೊಂದು ಗೋಲದ ಮೂರನೆಯ ಎರಡರಷ್ಟು ವೇಗದಿಂದ ಇಳಿದರೆ 60 ಗಂಟೆ ಗಾಳಿಯಲ್ಲಿರುತ್ತದೆ. ಇನ್ನೂ 1000 ಕಿಲೋಮೀಟರ್ ಹೋಗುತ್ತದೆ!

ಆಕಾರದ ಪ್ರಭಾವವನ್ನು ಮನೆಯಲ್ಲಿಯೇ ಕಾಣಬಹುದು. ಹರಳೆಣ್ಣೆಯ ಎತ್ತರದ ಪಾತ್ರೆಯಲ್ಲಿ ತಂತಿಯ ಸಣ್ಣ ತುಂಡನ್ನು ಬಿಡೋಣ. ನೆಟ್ಟಗೆ ಬಿಟ್ಟರೆ ಬೇಗ ಇಳಿಯುತ್ತದೆ. ಅಡ್ಡಲಾಗಿ ಬಿಟ್ಟರೆ ನಿಧಾನ. ಓರೆಯಾಗಿ ಬಿಟ್ಟರಂತೂ ಪಕ್ಕಕ್ಕೂ ಸರಿಯುತ್ತದೆ. ಪ್ರವಾಹದ ಪದರಗಳ ವೇಗವು ಬೇರೆಬೇರೆಯಾಗಿದ್ದರೆ ಕಣವು ಲಾಗ ಹಾಕುತ್ತ ಸಾಗುವುದೆಂದು 1922ರಲ್ಲಿ ಜೆಫ್ರಿ ಎಂಬ ಗಣಿತಜ್ಞರು ತೋರಿಸಿದರು. ಅದೂ ಅಂಡಾಕೃತಿಗೆ ಮಾತ್ರ. ಮೊನಚು ಮೂಲೆಗಳ ಚೂರಿಗೆ ಅಂತಹ ಸೂತ್ರವಿಲ್ಲ.

ಇಲ್ಲಿ ಗಣಕಯಂತ್ರದ ಸಹಾಯ ಬೇಕು. 1972ರಲ್ಲಿ ಪೆಸ್ಕಿನ್ ಎಂಬುವರು ಹೃದಯದ ಕವಾಟಗಳ ಸುತ್ತಲಿನ ರಕ್ತಪ್ರವಾಹಕ್ಕಾಗಿ ರೂಪಿಸಿದ ಉಪಾಯವೊಂದು ಈ ಕಣಗಳಿಗೂ ಒದಗಿತು. ಪ್ರವಾಹದ ಜಾಗವನ್ನೆಲ್ಲ ಅಲುಗದ ಚೌಕುಳಿಗಳಾಗಿ ವಿಭಾಗಿಸುವುದು. ಕಣದ ಮೇಲ್ಮೈಯನ್ನು ಬಿಂದುಗಳ ಸಾಲಿನಿಂದ ಗುರುತಿಸುವುದು. ಪ್ರತಿ ಕ್ಷಣವೂ ಸುತ್ತಲಿನ ಚೌಕುಳಿಗಳು ಬಿಂದುಗಳನ್ನು ತಳ್ಳುತ್ತವೆ, ಬಿಂದುಗಳು ಚೌಕುಳಿಗಳನ್ನು ತಳ್ಳುತ್ತವೆ. ಕಣವು ಎಷ್ಟೇ ವಕ್ರವಾಗಿರಲಿ, ಹೇಗೇ ಹೊರಳಲಿ, ಚೌಕುಳಿಗಳನ್ನು ಹೊಸದಾಗಿ ಹೆಣೆಯಬೇಕಾಗಿಲ್ಲ. ನಮಗೆ ಇದರ ಸೊಗಸು ಕಾಣುವುದು ಇಲ್ಲಿಯೇ.

ಇದಕ್ಕೆ ಬೆಲೆಯೂ ಉಂಟು. ಚೌಕುಳಿಯ ಅಂಚನ್ನು ಅರ್ಧಕ್ಕಿಳಿಸಿದರೆ ಅವುಗಳ ಸಂಖ್ಯೆ ಎಂಟು ಪಟ್ಟಾಗುತ್ತದೆ. ಕಾಲದ ಹೆಜ್ಜೆಗಳನ್ನೂ ಕಿರಿದು ಮಾಡಬೇಕಾಗುತ್ತದೆ. ಇಡೀ ಬೂದಿಮೋಡವನ್ನು ಹೀಗೆ ಲೆಕ್ಕಹಾಕುವುದು ಅಸಾಧ್ಯ. ಆದುದರಿಂದ ಕೆಲವೇ ಕಣಗಳನ್ನು ಹೀಗೆ ಪರೀಕ್ಷಿಸಿ, ಅವು ಎದುರಿಸುವ ತಡೆಯನ್ನು ಉದ್ದ, ಅಗಲ, ದಪ್ಪಗಳ ಸರಳ ಸೂತ್ರಕ್ಕಿಳಿಸುತ್ತಾರೆ. ಸೂಕ್ಷ್ಮದರ್ಶಕದಡಿಯಲ್ಲಿ ಅಳೆದ ಬೂದಿಯ ಆಕಾರವನ್ನು ಆ ಸೂತ್ರದ ಮೂಲಕವೇ ಹವಾಮಾನದ ಲೆಕ್ಕಕ್ಕೆ ಸೇರಿಸುತ್ತಾರೆ.